ಬಂಡೆಯ ಮೇಲಿನ ಹಂದಿ

ಆ ಐದಂತಸ್ತಿನ ಮನೆಗೆಲ್ಲ ಸೇರಿ ಒಂದೇ ಕಲಾಪತ್ರಿಕೆ ಬರುತ್ತಿತ್ತು. ನೆಲಮಹಡಿಯಿಂದ ಒಂದೊಂದೇ ಮಹಡಿ ಹತ್ತಿ, ಅಟ್ಟದಲ್ಲಿದ್ದ ಬೋರ್ಡು ಬರೆಯುವ ಬಾಜಿಲನ ಕೈಸೇರುವಷ್ಟರಲ್ಲಿ ಅದಕ್ಕೆ ಎಲ್ಲರ ಮನೆಯ ಸೂಪಿನ ವಾಸನೆ ಹತ್ತಿರುತ್ತಿತ್ತು. ಆದರೂ ಬಾಜಿಲ್ ಅದಕ್ಕೆ ಮನಸಾರೆ ಋಣಿ. ಪ್ಯಾರಿಸ್ಸಿನ ಆ ಬೀದಿಯಲ್ಲಿ ಮೊದಲು ಅವನತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮನೆಯವರೆಲ್ಲ ಪತ್ರಿಕೆ ಓದತೊಡಗಿದ ಮೇಲೆ ಅವನು ಕಲಾವಿದನೆಂದು ಟೋಪಿ ತೆಗೆದು ವಂದಿಸುತ್ತಿದ್ದರು.

ಅಂದು ಬೆಳಿಗ್ಗೆ ಅವನು ಅಂಗಳದಲ್ಲಿ ಕೂತು, ನೆಲಮಹಡಿಯ ಸಾಸೇಜ್ ಅಂಗಡಿಯ ವಿಧವೆ ಕ್ಲೆಮಾಂಸಳ ಬೋರ್ಡಿಗೆ ದುಂಡಗಿನ ಹಂದಿ ಬರೆಯುತ್ತಿದ್ದ. ಸಂಜೆ ಬೋರ್ಡು ಒಪ್ಪಿಸಿ, ಎರಡು ವರ್ಷದಿಂದ ಗಂಟಲಲ್ಲೇ ಉಳಿದಿದ್ದ ಮದುವೆಯ ಮಾತೆತ್ತಬೇಕೆಂದು ನಿರ್ಧರಿಸಿದ್ದ.

ಬಾಗಿಲು ಕಾಯುವ ಪಿಶೋ ಅಮ್ಮ ಪೊರಕೆ ಹಿಡಿದು ಬಂದಳು. "ಏನಪ್ಪಾ, ಹಂದಿ ನಗ್ತಾ ಇದೆ? ಕಲೆ ಅಂದ್ರೆ ಸಂಕಟ. ಪತ್ರಿಕೇಲಿ ಓದಿಲ್ವಾ?"

ಬಾಜಿಲ್ ಹಂದಿಯ ನಗು ಅಳಿಸಿದ.

ಎರಡನೇ ಮಹಡಿಯ ನಿವೃತ್ತ ಲ್ಯಾಟಿನ್ ಮೇಷ್ಟರು ಕಿಟಕಿಯಿಂದ ತಲೆ ಹಾಕಿದರು. "ಕಣ್ಣಿಗೆ ಕಂಡಿದ್ದನ್ನ ಯಾರು ಬೇಕಾದ್ರೂ ಬರೀತಾರೆ ಕಣಯ್ಯಾ. ಒಳಗಿರೋದನ್ನ ಬರಿ. ಒಂದು ಬಂಡೆ ಹಾಕು. ಕೆಳಗೆ ಸಮುದ್ರ."

"ಹಂದಿ ಸಮುದ್ರದ ಹತ್ರ ಯಾಕೆ ಹೋಗುತ್ತೆ ಮೇಷ್ಟ್ರೇ?"

"ಒಂಟಿಯಾಗಿರೋಕೆ."

"ಬಿರುಗಾಳಿ ಮರೀಬೇಡ," ಎಂದಳು ಪಿಶೋ ಅಮ್ಮ.

ಸಂಜೆಯ ಹೊತ್ತಿಗೆ ಹಂದಿ ಬಡಕಲಾಗಿ, ಬಂಡೆಯ ತುದಿಯಲ್ಲಿ ಬಿರುಗಾಳಿಗೆ ಕಿವಿ ಹಾರಿಸುತ್ತ, ಹೊಟ್ಟೆನೋವು ಬಂದ ತತ್ವಜ್ಞಾನಿಯಂತೆ ದೂರ ನೋಡುತ್ತಿತ್ತು. ಬಾಜಿಲ್ ಬೋರ್ಡು ಹೊತ್ತು ಅಂಗಡಿಗೆ ಹೋದ.

ಕ್ಲೆಮಾಂಸ್ ನೋಡಿದಳು. ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು.

"ಯಜಮಾನ್ರು ಹೋದಾಗ ನಾನು ಹೀಗೇ ಇದ್ದೆ. ಯಾರಿಗೂ ಗೊತ್ತಾಗಿರ್ಲಿಲ್ಲ, ನಿಮಗೆ ಗೊತ್ತಾಯ್ತಲ್ಲ. ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ."

ಬಾಜಿಲನ ಎದೆ ತುಂಬಿಬಂತು. ಪತ್ರಿಕೆಗೆ, ಮೇಷ್ಟರಿಗೆ, ಪಿಶೋ ಅಮ್ಮನ ಪೊರಕೆಗೂ ಮನಸ್ಸಿನಲ್ಲೇ ಕೈಮುಗಿದ. "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿಯೇಬಿಟ್ಟ.

"ಬೆಳಿಗ್ಗೆ ಕೇಳಿದ್ರೆ ಹೂಂ ಅಂತಿದ್ದೆ," ಎಂದಳು ಕ್ಲೆಮಾಂಸ್. "ಬೋರ್ಡು ಬರೀತಾರೆ, ಹೊಟ್ಟೆ ತುಂಬ ಊಟ ಮಾಡ್ತಾರೆ, ಒಳ್ಳೇ ಮನುಷ್ಯ ಅಂದುಕೊಂಡಿದ್ದೆ. ಇಂಥಾ ಪ್ರತಿಭೆ ಅಂತ ಯಾರು ಕಂಡಿದ್ರು? ಮಹಾ ಕಲಾವಿದನಿಗೆ ಸಂಸಾರ ಅಂದ್ರೆ ಸಮಾಧಿಯಂತೆ. ಪತ್ರಿಕೆಯ ಆ ಪುಟ ನಾನೇ ಹರಿದಿಟ್ಕೊಂಡಿದೀನಿ, ನಿಮಗೆ ಸಿಕ್ಕಿರಲ್ಲ. ಆ ಪಾಪ ನಂಗೆ ಬೇಡ."

"ಹಾಗಾದ್ರೆ ನೀವು?"

"ಪೀಪಾಯಿ ಮಾಡೋ ಗ್ರಾಂಜೇ ಕೂಡ ಮಧ್ಯಾಹ್ನ ಬಂದು ಕೇಳಿದ್ರು. ಅವರಿಗೇ ಹೂಂ ಅಂತೀನಿ. ಪಾಪ, ಅವರ ಒಳಗೆ ಏನೂ ಇಲ್ಲ. ಸಂಸಾರಕ್ಕೆ ಹೇಳಿ ಮಾಡಿಸಿದ ಮನುಷ್ಯ."