ಬಿಸಿಲೂರಲ್ಲಿ ಹಿಮ ಬಿತ್ತು

"ಈ ಕ್ರಿಸ್ಮಸ್ಸಿಗೆ ಈ ಮನೇಲಿ ಹಿಮ ಬೀಳಿಸ್ಲಿಲ್ಲ ಅಂದ್ರೆ ನಾನು ಗಂಡಸೇ ಅಲ್ಲ!"

ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಗಂಡ ಹೀಗೆ ಶಪಥ ಮಾಡಿದಾಗ ಹೆಂಡತಿ ಕರೆಂಟಿಲ್ಲದ ಸೆಕೆಗೆ ಹಳೇ ಕ್ಯಾಲೆಂಡರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. "ಮೊದ್ಲು ಕರೆಂಟ್ ಬೀಳಿಸಿ, ಯೋಜನಾಧಿಕಾರಿಗಳೇ," ಎಂದು ಸ್ನಾನಕ್ಕೆ ಹೋದಳು.

ಅವಳು ನಕ್ಕು ಮೂರು ತಿಂಗಳಾಗಿತ್ತು. ಗಂಡನ ಹೊಸ ಕೆಲಸದ ಬೆನ್ನಿಗೆ ಚಳಿಯೂರು ಬಿಟ್ಟು ಇಲ್ಲಿಯ ಮೂರನೇ ಮಹಡಿಗೆ ಬಂದವಳಿಗೆ ಕಟ್ಟಡದಲ್ಲಿ ಒಬ್ಬರ ಗುರುತೂ ಇರಲಿಲ್ಲ. ಕ್ರಿಸ್ಮಸ್ ಅಂದರೆ ಅವಳಿಗೆ ಸ್ವೆಟರು, ಬಾಯಿಂದ ಹೊರಡುವ ಹಬೆ, ಮನೆ ತುಂಬ ಜನ. ಇಲ್ಲೋ, ಡಿಸೆಂಬರ್ ಇಪ್ಪತ್ನಾಲ್ಕರಂದೂ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು! "ಈ ಸಲ ಹಬ್ಬ ಬೇಡ ಬಿಡಿ," ಎಂದುಬಿಟ್ಟಿದ್ದಳು. ಆ ಮಾತು ಗಂಡನಿಗೆ ಮುಳ್ಳಿನಂತೆ ಚುಚ್ಚಿತ್ತು.

ಬಚ್ಚಲ ಬಾಗಿಲು ಹಾಕಿದ್ದೇ ತಡ, ಆತ ನಾಲ್ಕು ದಿಂಬುಗಳ ಹೊಟ್ಟೆ ಸೀಳಿದ. ಹತ್ತಿಯನ್ನು ಹಿಂಜಿ ಹಿಂಜಿ ಸೋಫಾ, ಮೇಜು, ಕಿಟಕಿಯ ಸರಳುಗಳ ಮೇಲೆಲ್ಲ ಹರಡಿದ. ಸೆಕೆ ತಾಳಲಾರದೆ ಮುಂಬಾಗಿಲು ತೆರೆದಿಟ್ಟ. ಬೆವರಲ್ಲಿ ತೊಯ್ದು, ಪರ್ವತ ಕಟ್ಟಿದವನ ಗತ್ತಿನಲ್ಲಿ ಸೊಂಟಕ್ಕೆ ಕೈಯಿಟ್ಟು ಕೂಗಿದ: "ಕಣ್ಮುಚ್ಕೊಂಡು ಬಾರೇ!"

ಅವಳು ಒದ್ದೆ ತಲೆಯಲ್ಲಿ ಬಂದಳು. ಅವಳ ಜೊತೆಗೇ ಕರೆಂಟೂ ಬಂತು!

ಫ್ಯಾನಿನ ರೆಗ್ಯುಲೇಟರು ಐದರಲ್ಲೇ ಇತ್ತು. ಬಿತ್ತು ನೋಡಿ ಹಿಮ! ಬೆವರಿದ್ದ ಗಂಡ ಮೈಗೆಲ್ಲ ಹತ್ತಿ ಮೆತ್ತಿ ಕ್ಷಣದಲ್ಲಿ ಕುರಿಯಾದ. ಹೆಂಡತಿಯ ತಲೆ ನರೆಯಿತು.

"ಏನ್ರೀ ಇದು?"

"ಹಿ... ಹಿಮ!"

"ಹಿಮ ಅಲ್ರೀ, ನನ್ನ ದಿಂಬು!"

ಉಳಿದ ಹತ್ತಿ ಮುಂಬಾಗಿಲಿಂದ ಹಾರಿ ಮೆಟ್ಟಿಲಿಳಿಯಿತು. ಐದು ನಿಮಿಷದಲ್ಲಿ ಕೆಳಮನೆಯ ಅಜ್ಜಿ ಏದುಸಿರು ಬಿಡುತ್ತ ಹತ್ತಿ ಬಂದರು. ಕೈಯಲ್ಲಿ, ಆರಲೆಂದು ಮೆಟ್ಟಿಲ ಕಿಟಕಿಯಲ್ಲಿಟ್ಟಿದ್ದ ಕೇಕು. ಅದರ ಮೈತುಂಬ ಹತ್ತಿ.

"ಯಾರಪ್ಪಾ ನನ್ನ ಕೇಕಿಗೆ ಗಡ್ಡ ಬರ್ಸಿದ್ದು?"

ಹೆಂಡತಿ ಕೇಕು ನೋಡಿದಳು, ಕುರಿ ನೋಡಿದಳು. ಮೊದಲು ಭುಜ ಕುಲುಕಿತು. ಆಮೇಲೆ ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡ ಬೈಸಿಕೊಳ್ಳುವುದನ್ನೇ ಮರೆತು ಅವಳನ್ನೇ ನೋಡುತ್ತ ನಿಂತ.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಕಂಡಕ್ಟರು ನುಗ್ಗಿ ಬಂದು "ಹೋಲ್ಡಾನ್!" ಎಂದು ಫ್ಯಾನ್ ಆರಿಸಿದರು. ಮೇಲ್ಮನೆಯ ಡ್ರಾಯಿಂಗ್ ಟೀಚರು ಎರಡು ಪೊರಕೆ ತಂದರು. ಜಗಳಕ್ಕೆ ಬಂದವರೂ ಸೇರಿ ಎಲ್ಲರೂ ಸೀನುತ್ತ ಗುಡಿಸಿದರು. ಅಜ್ಜಿ ಕೇಕಿನ ಮೇಲ್ಪದರ ಹೆರೆದು, ಒಳಗಿನದನ್ನು ಹಂಚಿದರು. ಹೆಂಡತಿ ಅಜ್ಜಿಯ ಪಕ್ಕ ಕೂತು ತನ್ನೂರಿನ ಮಂಜಿನ ಕಥೆ ಶುರುಮಾಡಿದಳು. ಮನೆ ತುಂಬ ಜನ!

ಗಂಡನ ಎದೆ ತುಂಬಿ ಬಂತು. ಕೈಮುಗಿದು ಎದ್ದು ನಿಂತ. "ಬಂಧುಗಳೇ, ನಿಮ್ಮ ಈ ಉಪಕಾರಾನ ನಾನು ಜನ್ಮದಲ್ಲಿ... ಆ... ಆಕ್ಷೀ!"

"ಸಾಕು ಕೂತ್ಕೋ, ಅರ್ಥ ಆಯ್ತು," ಎಂದರು ಅಜ್ಜಿ. "ನಾಳೆ ಹಬ್ಬದೂಟ ಎಲ್ರಿಗೂ ನಮ್ಮನೇಲಿ. ನೀವಿಬ್ರೂ ಬರ್ಬೇಕು."

"ಖಂಡಿತ ಅಜ್ಜಿ! ಅಲಂಕಾರಕ್ಕೆ ನಾನೊಂದು..."

"ಬೇಡ!" ಇಡೀ ಮನೆ ಒಂದೇ ದನಿಯಲ್ಲಿ ಕೂಗಿತು.

ಹೆಂಡತಿ ಅಜ್ಜಿಯ ಕೈ ಹಿಡಿದು ಹೇಳಿದಳು: "ಹೆದರ್ಬೇಡಿ ಅಜ್ಜಿ. ಇವ್ರ ಎರಡೂ ಕೈ ಕಟ್ಟಿ ಕರ್ಕೊಂಡ್ಬರ್ತೀನಿ. ಊಟ ಬೇಕಿದ್ರೆ ನಾನೇ ತಿನ್ನಿಸ್ತೀನಿ!"