ಹೆಣದ ತುರಿಕೆ

ಹೆಣವಾಗಬೇಕಾಗಿದ್ದ ದಿನ ಬೆಳಗ್ಗೆಯೇ ಜೂನಿಯರ್‌ನ ಬಲ ಮೊಣಕೈಯ ಮಡಿಕೆಯಲ್ಲಿ ತುರಿಕೆ ಶುರುವಾಯಿತು.

ವಯಸ್ಸು ಐವತ್ತು ದಾಟಿ, ತಲೆ ಅರ್ಧ ಬೆಳ್ಳಗಾಗಿದ್ದರೂ ಅವನನ್ನು ಎಲ್ಲರೂ ಕರೆಯುವುದು ಜೂನಿಯರ್ ಎಂದೇ. ಟೀವಿ ಧಾರಾವಾಹಿಗಳಲ್ಲಿ ಗುಂಪಿನ ನಡುವೆ ನಿಲ್ಲುವವರು, ಹೋಟೆಲಿನ ಹಿಂದಿನ ಮೇಜಿನಲ್ಲಿ ಕೂತು ಖಾಲಿ ಕಪ್ಪಿನಿಂದ ಕಾಫಿ ಕುಡಿಯುವವರು ಇರುತ್ತಾರಲ್ಲ, ಅವರಿಗೆ ಜೂನಿಯರ್ ಆರ್ಟಿಸ್ಟ್ ಎಂದು ಹೆಸರು. ಎಷ್ಟು ವರ್ಷ ನಿಂತರೂ ಅವರನ್ನು ಸೀನಿಯರ್ ಮಾಡುವ ಪದ್ಧತಿ ಆ ಕಸುಬಿನಲ್ಲಿ ಇಲ್ಲ. ಇವನ ಬೆನ್ನನ್ನು ಟೀವಿಯಲ್ಲಿ ನೋಡದವರಿಲ್ಲ, ಮುಖವನ್ನು ನೋಡಿದವರಿಲ್ಲ.

ಇಂದು ಮೊದಲ ಸಲ ಕ್ಯಾಮೆರಾ ಅವನ ಮುಖದ ಹತ್ತಿರ ಬರುವುದಿತ್ತು. ಧಾರಾವಾಹಿಯೊಂದರಲ್ಲಿ ದೊಡ್ಡ ಮನೆಯ ಯಜಮಾನ ಪರದೇಶದಲ್ಲಿದ್ದಾನೆ ಎಂದು ಇಷ್ಟು ದಿನ ಬರೀ ಮಾತಿನಲ್ಲೇ ತೇಲಿಸಿದ್ದರು. ಈಗ ಅವನು ಮನೆಗೆ ಬಂದು, ಬಂದ ರಾತ್ರಿಯೇ ಎದೆನೋವಿನಿಂದ ಸಾಯುತ್ತಾನೆ. ಸತ್ತ ಯಜಮಾನನ ಪಾತ್ರ ಜೂನಿಯರ್‌ನದು. ಧಾರಾವಾಹಿಯಲ್ಲಿ ಒಂದು ಸಾವು ಎಂದರೆ ಕಡಿಮೆಯೆಂದರೂ ಎರಡು ವಾರದ ಅಳು, ಅಷ್ಟು ದಿನವೂ ಹೆಣ ಬೇಕು. ಮುಖ ಜನರ ಕಣ್ಣಿಗೆ ಬಿದ್ದರೆ ಮುಂದೆ ಮಾತಿರುವ ಪಾತ್ರವೂ ಸಿಕ್ಕೀತು ಎಂದು ಅವನು ಕನಸು ಕಟ್ಟಿದ್ದ.

ಅಡ್ಡಿಯಿದ್ದದ್ದು ಒಂದೇ, ಇಸುಬು. ಡಾಕ್ಟರು ಅದನ್ನು ಎಕ್ಸಿಮಾ ಎನ್ನುತ್ತಿದ್ದರು, ಅವನು ಹೆಸರನ್ನೇ ಎತ್ತದೆ ‘ಅದು’ ಎನ್ನುತ್ತಿದ್ದ. ಮೊಣಕೈ ಮಡಿಕೆ, ಕತ್ತು, ಮೊಣಕಾಲಿನ ಹಿಂಭಾಗ, ಮೂರು ಕಡೆ ಅದು ಸ್ವಂತ ಮನೆ ಮಾಡಿಕೊಂಡಿತ್ತು. ಹೋದ ತಿಂಗಳು ಕೋರ್ಟಿನ ದೃಶ್ಯದಲ್ಲಿ ನಾಯಕಿ ಕಣ್ಣೀರು ಸುರಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಜೂನಿಯರ್ ಪರಪರನೆ ಕತ್ತು ಕೆರೆದುಕೊಂಡು ಆ ಶಾಟೇ ಕಸಕ್ಕೆ ಹೋಗಿತ್ತು. ಅವನನ್ನು ಕೆಲಸಕ್ಕೆ ಕಳಿಸುವ ಏಜೆಂಟ್ ಈ ಪಾತ್ರ ಕೊಡಿಸುವಾಗಲೇ ಹೇಳಿದ್ದ: “ನೋಡಪ್ಪಾ, ಇದೇ ಕೊನೆ. ಹೆಣ ಏನಾದ್ರೂ ಕೆರ್ಕೊಂಡ್ರೆ ನಿನ್ನ ನಂಬರ್‌ನೇ ಫೋನಿಂದ ಅಳಿಸಿಬಿಡ್ತೀನಿ. ಆಮೇಲೆ ಯಾರೂ ನಿನ್ನ ಕರೆಯಲ್ಲ.”

ಹಾಗಾಗಿ ಒಂದು ವಾರದಿಂದ ಮನೆಯಲ್ಲಿ ಹೆಂಡತಿಯ ಆಡಳಿತ ನಡೆದಿತ್ತು. ಸುಡುನೀರು ಕೂಡದು, ಉಗುರುಬೆಚ್ಚಗಿರಬೇಕು. ಪರಿಮಳದ ಸೋಪು ಕೂಡದು. ಟವೆಲ್ಲಿನಿಂದ ಉಜ್ಜದೆ ಒತ್ತಿ ಒತ್ತಿ ಒರೆಸಿ, ಮೈಯಲ್ಲಿ ಪಸೆ ಇರುವಾಗಲೇ ಡಾಕ್ಟರು ಕೊಟ್ಟ ಮುಲಾಮನ್ನು ದಪ್ಪಗೆ ಹಚ್ಚಬೇಕು. ಹತ್ತಿಬಟ್ಟೆ ಬಿಟ್ಟು ಬೇರೇನೂ ಮೈಗೆ ತಾಗಬಾರದು. ಉಗುರನ್ನು ಬುಡಮಟ್ಟ ಕತ್ತರಿಸಿ, ಮಲಗುವಾಗ ಎರಡೂ ಕೈಗೆ ಹಳೇ ಕಾಲುಚೀಲ ತೊಡಿಸುತ್ತಿದ್ದಳು. ಅಷ್ಟಾದರೂ ಕೆಲವು ದಿನ ಹಾಸಿಗೆಯ ಮೇಲೆ ರಕ್ತದ ಚುಕ್ಕೆಗಳು ಕಾಣುತ್ತಿದ್ದವು. ಅವಳು ಆ ಹಾಸುಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಹಾಕುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಅವನಿಗೆ ತುರಿಕೆಗಿಂತ ಆ ಮೌನವೇ ಹೆಚ್ಚು ನೋಯುತ್ತಿತ್ತು.

ಅವಳ ಉಪಚಾರದಿಂದ ಚರ್ಮ ಶಾಂತವಾಗಿತ್ತು, ನಿನ್ನೆಯವರೆಗೆ. ಈ ಬೆಳಗ್ಗೆ ಅವಳು ಕಾರ್ಖಾನೆಯ ಮೊದಲ ಪಾಳಿಗೆ ಹೊರಡುತ್ತ, “ತುರಿಸಿದ್ರೆ ಕೆರೀಬೇಡಿ. ಒದ್ದೆ ಬಟ್ಟೆ ಇಟ್ಕೊಳ್ಳಿ. ಯಾರ ಮಾತೂ ಕೇಳ್ಬೇಡಿ ರೀ, ನಿಮಗೆ ದಮ್ಮಯ್ಯ,” ಎಂದು ಹೇಳಿ ಹೋಗಿದ್ದಳು.

ಅವನು ಒದ್ದೆ ಬಟ್ಟೆ ಇಟ್ಟುಕೊಂಡ. ತುರಿಕೆ ಸ್ವಲ್ಪ ಇಳಿಯಿತು. ಕೆಲಸಕ್ಕೆ ಇನ್ನೂ ಹೊತ್ತಿತ್ತಾದ್ದರಿಂದ, ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟು, ನೆಲದ ಮೇಲೆ ಅಂಗಾತ ಮಲಗಿ ಸಾಯುವುದನ್ನು ಅಭ್ಯಾಸ ಮಾಡತೊಡಗಿದ. ಅಲ್ಲಿಗೆ ಕೆಟ್ಟಿತು.

ಪಕ್ಕದ ಮನೆಯ ಟೈಲರಮ್ಮ ಬಾಗಿಲಲ್ಲಿ ಇಣುಕಿದರು. “ಅಯ್ಯಯ್ಯೋ! ಯಾರಾದ್ರೂ ಬನ್ರಪ್ಪಾ! ಇವ್ರು ಹೋಗ್ಬಿಟ್ರು!”

ಇಷ್ಟು ಚೆನ್ನಾಗಿ ಸತ್ತಿದ್ದೇನೆಯೇ ಎಂಬ ಖುಷಿಯಲ್ಲಿ ಜೂನಿಯರ್ ಕಣ್ಣು ತೆರೆಯಲು ತುಸು ತಡಮಾಡಿದ. ಅಷ್ಟರಲ್ಲಿ ಮಹಡಿಯ ಮೇಲಿನ ಕಂಪೌಂಡರ್ ಓಡಿಬಂದರು. ಜಾನುವಾರು ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಅವರು ಅವನ ತುಟಿ ಎತ್ತಿ ಹಲ್ಲು ನೋಡಿದರು, ಬಹುಶಃ ಹಳೇ ಅಭ್ಯಾಸ.

“ಸಾರ್, ರಿಹರ್ಸಲ್ ಮಾಡ್ತಿದ್ದೆ,” ಎಂದು ಜೂನಿಯರ್ ಎದ್ದು ಕೂತ.

ಟೈಲರಮ್ಮನಿಗೆ ಸಿಟ್ಟು ಬಂತು. ಒಬ್ಬ ಮನುಷ್ಯನಿಗಾಗಿ ಅಷ್ಟು ಕೂಗಿ, ಆಮೇಲೆ ಅವನು ಸತ್ತೇ ಇಲ್ಲ ಎಂದರೆ ಯಾರಿಗಾದರೂ ಬರುತ್ತದೆ. ಕೂಗಿದ್ದಕ್ಕೆ ಏನಾದರೂ ಕಾರಣ ಬೇಕಲ್ಲ ಎಂದು ಅವನನ್ನು ಮೇಲಿಂದ ಕೆಳಗೆ ನೋಡಿದರು. ಮೊಣಕೈ ಸಿಕ್ಕಿತು.

“ಇದೇನ್ರೀ ಇದು, ಕೈಯೆಲ್ಲ ಹೀಗಾಗಿದೆ? ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಿದ್ರೆ ಒಂದೇ ಸಲಕ್ಕೆ ಹೋಗುತ್ತೆ. ನಮ್ಮಣ್ಣಂಗೆ ಹಾಗೇ ಹೋಗಿದ್ದು.”

“ಬೇಡ ಅಮ್ಮಾ, ಮನೇಲಿ ಇವಳು ಹೇಳಿದಾಳೆ...”

“ಅವಳಿಗೇನ್ ಗೊತ್ತು, ಇನ್ನೂ ಚಿಕ್ಕವಳು!” ಐವತ್ತರ ಹತ್ತಿರವಿದ್ದ ಹೆಂಡತಿ ಕೇಳಿದ್ದರೆ ಸಂತೋಷಪಡುತ್ತಿದ್ದಳೇನೋ. ಬೇಡ ಎನ್ನುವ ಮಾತು ಜೂನಿಯರ್‌ನ ಬಾಯಿಯಿಂದ ಎರಡನೇ ಸಲ ಬಂದದ್ದಿಲ್ಲ. ಟೈಲರಮ್ಮ ಅರ್ಧ ನಿಂಬೆಹಣ್ಣು ತಂದು, ಉಪ್ಪಿನಲ್ಲಿ ಅದ್ದಿ, ಬಟ್ಟೆಯ ಕರೆ ತೆಗೆಯುವ ಉತ್ಸಾಹದಲ್ಲಿ ತಿಕ್ಕಿದರು. ಅವನಿಗೆ ಕಣ್ಣು ಕತ್ತಲಿಟ್ಟಿತು.

“ರೀ, ಬಿಡ್ರೀ, ಚರ್ಮ ಕಿತ್ತುಬರುತ್ತೆ!” ಎಂದು ಕಂಪೌಂಡರ್ ಗದರಿದರು. ಜೂನಿಯರ್‌ಗೆ ದೇವರು ಬಂದಂತಾಯಿತು. ದೇವರು ಮಹಡಿಗೆ ಹೋಗಿ ಒಂದು ಸೀಸೆ ತಂದರು. ಒಳಗೆ ಗಾಢ ನೇರಳೆ ಬಣ್ಣದ ಔಷಧಿ. “ಇದು ನೋಡಿ ಔಷಧಿ ಅಂದ್ರೆ. ಎಂಥಾ ಗಾಯ ಆಗಿರ್ಲಿ, ಹಚ್ಚಿದ ಮಾರನೇ ದಿನ ಎಮ್ಮೆ ಎದ್ದು ಹಾಲು ಕೊಡ್ತಿತ್ತು.”

“ನಾನು ಹಾಲು ಕೊಡಬೇಕಾಗಿಲ್ಲ ಸಾರ್, ಸುಮ್ನೆ ಮಲಗಿದ್ರೆ ಸಾಕು.”

“ಕತ್ತು ಎತ್ತಿ,” ಎಂದರು ಕಂಪೌಂಡರ್. ಹಚ್ಚಿ ಮುಗಿಸಿದಾಗ ಅವನ ಮೊಣಕೈ ಮತ್ತು ಕತ್ತು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು.

ಅದೇ ಬಣ್ಣದಲ್ಲಿ ಅವನು ಸೆಟ್ಟಿಗೆ ಹೋದ. ಮೇಕಪ್ಪಿನವರು ಅವನನ್ನು ದೀಪದ ಕೆಳಗೆ ಕೂರಿಸಿ, ಅಂಗಿಯ ಕಾಲರ್ ಸರಿಸಿ, ಹಾಗೇ ನಿಂತುಬಿಟ್ಟರು. “ಏನ್ರೀ ಇದು? ನಿನ್ನೆ ರಾತ್ರಿ ಸತ್ತವರು ಅಂತ ಹೇಳಿದ್ರು. ನಿಮ್ಮನ್ನ ನೋಡಿದ್ರೆ ಹೋದ ವಾರವೇ ಸತ್ತ ಹಾಗಿದೆ.”

ನೀರಿಗೆ ಬಣ್ಣ ಹೋಗಲಿಲ್ಲ. ಮೇಕಪ್ಪಿನವರು ಸ್ಪಿರಿಟ್ ತೆಗೆದರು. ನಿಂಬೆಹಣ್ಣು ತಿಕ್ಕಿದ್ದ ಚರ್ಮದ ಮೇಲೆ ಅದು ಬಿದ್ದಾಗ ಜೂನಿಯರ್ ಕುರ್ಚಿಯ ಕೈ ಹಿಡಿದುಕೊಂಡ, ಉಸಿರೆತ್ತಲಿಲ್ಲ. ಬಾಗಿಲಲ್ಲಿ ಏಜೆಂಟ್ ನಿಂತು ನೋಡುತ್ತಿದ್ದ. ಒರೆಸಿದ್ದಾದ ಮೇಲೆ ಬೂದು ಬಣ್ಣದ ಪೌಡರ್ ಬಂತು, ಅದರಲ್ಲಿ ಗಮಗಮ ಪರಿಮಳ. ಹೆಂಡತಿ ಒಂದು ವಾರದಿಂದ ಯಾವುದನ್ನೆಲ್ಲ ಹೊಸ್ತಿಲ ಆಚೆ ನಿಲ್ಲಿಸಿದ್ದಳೋ ಅದೆಲ್ಲವೂ ಅವನ ಮೈಮೇಲೆ ಬಂದು ಕೂತಿತು. ಕೊನೆಗೆ ಮಂಚದ ಮೇಲೆ ಮಲಗಿಸಿ ತೆಳು ಹೊದಿಕೆ ಹೊದಿಸಿದಾಗ ಡೈರೆಕ್ಟರ್ ತಲೆಯಾಡಿಸಿದರು.

“ಇಷ್ಟು ದೊಡ್ಡ ಮನೆ ಯಜಮಾನ ಈ ಬಟ್ಟೇಲಿ ಸಾಯ್ತಾನಾ? ಆ ಉಣ್ಣೆ ಕಂಬಳಿ ತನ್ನಿ.”

ಜೂನಿಯರ್ ಕಣ್ಣು ಮುಚ್ಚಿಕೊಂಡ.

ದೀಪಗಳು ಹತ್ತಿದವು. ಆ ಬಿಸಿಗೆ ಕಂಬಳಿಯ ಕೆಳಗೆ ಬೆವರು, ಬೆವರಿಗೆ ಪೌಡರ್, ಅದರ ಮೇಲೆ ಉಣ್ಣೆಯ ಕೂದಲು. ಇರುವೆಯ ಗೂಡಿನ ಮೇಲೆ ಮಲಗಿದಂತಿತ್ತು. ಆದರೂ ಅವನು ಅಲುಗಾಡಲಿಲ್ಲ. ಮಗಳ ಪಾತ್ರದ ನಾಯಕಿ “ಅಪ್ಪಾ!” ಎಂದು ಕೂಗಿ ಮೈಮೇಲೆ ಬಿದ್ದಳು. ಅವಳ ಸೆರಗಿನ ಮಿಂಚಿನ ಅಂಚು ಕತ್ತನ್ನು ಗರಗಸದಂತೆ ಎಳೆದುಕೊಂಡು ಹೋಯಿತು. ಅವನು ಹೆಂಡತಿ ಇಡುವ ತಣ್ಣನೆಯ ಒದ್ದೆ ಬಟ್ಟೆಯನ್ನು ನೆನೆಸಿಕೊಳ್ಳುತ್ತ ಬಿದ್ದಿದ್ದ. ಸೊಸೆ ಅತ್ತಳು, ಅಳಿಯ ಅತ್ತ. ಆಸ್ತಿಯ ಮೇಲೆ ಕಣ್ಣಿಟ್ಟಿದ್ದ ತಮ್ಮ ಅತ್ತಂತೆ ನಟಿಸಿದ. ಪ್ರತಿಯೊಬ್ಬರನ್ನೂ ಮೂರು ಕಡೆಯಿಂದ ತೆಗೆದರು.

“ಇಷ್ಟು ಒಳ್ಳೇ ಹೆಣ ನಂಗೆ ಇದುವರೆಗೂ ಸಿಕ್ಕಿರ್ಲಿಲ್ಲ!” ಎಂದರು ಡೈರೆಕ್ಟರ್. ಕಣ್ಣು ಮುಚ್ಚಿದ್ದ ಜೂನಿಯರ್‌ಗೆ ಅಳು ಬರುವಷ್ಟು ಸಂತೋಷವಾಯಿತು. ಹೆಣಕ್ಕೆ ಅಳುವ ಹಾಗಿರಲಿಲ್ಲ.

ಊಟದ ಬಿಡುವು ಬಂತು. ಎಲ್ಲರೂ ಎದ್ದರು. ಜೂನಿಯರ್ ಒಂದು ಕಣ್ಣು ತೆರೆದು ಕೈ ಹೊರಗೆ ತೆಗೆಯಹೋದ. ಪಕ್ಕದಲ್ಲಿ ಕೂತಿದ್ದ ಹುಡುಗಿ ಹೌಹಾರಿದಳು. ಒಂದು ಶಾಟಿನಿಂದ ಇನ್ನೊಂದಕ್ಕೆ ಕೂದಲು, ಬಟ್ಟೆ, ಮಡಿಕೆ ಯಾವುದೂ ಬದಲಾಗದಂತೆ ಕಾಯುವುದು ಅವಳ ಕೆಲಸ.

“ಅಂಕಲ್, ಪ್ಲೀಸ್, ಏಳ್ಬೇಡಿ! ಕಂಬಳಿ ಮಡಿಕೆ ಕೆಟ್ಟರೆ ಬೆಳಗ್ಗೆಯಿಂದ ತೆಗೆದಿದ್ದೆಲ್ಲ ಮತ್ತೆ ತೆಗೀಬೇಕು. ಡೈರೆಕ್ಟರ್ ನನ್ನ ಕೊಂದುಬಿಡ್ತಾರೆ.”

“ಒಂದೇ ಒಂದು ಸಲ ಮಗಳೇ, ಕೈ ಮಾತ್ರ.”

“ಅಂಕಲ್, ನಾನು ಕೆಲಸಕ್ಕೆ ಸೇರಿ ನಾಲ್ಕೇ ದಿನ ಆಗಿರೋದು.”

ಕೆಲಸ ಕಳೆದುಕೊಳ್ಳುವ ಭಯ ಯಾವ ದನಿಯಲ್ಲಿರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಒಳಗೇ ಉಳಿಯಿತು. ಅವಳು ಹತ್ತಿರ ಕೂತು ಅನ್ನ ತಿಂದಳು, ಅವನು ಹಸಿದುಕೊಂಡು ಕಂಬಳಿಯೊಳಗೆ ಬೆಂದ.

ಮಧ್ಯಾಹ್ನದ ಮೊದಲ ಶಾಟಿಗೆ ಡೈರೆಕ್ಟರ್‌ಗೆ ಹೊಸದೊಂದು ಹೊಳೆಯಿತು. ಮಗಳು ಅಪ್ಪನ ಕೈಯನ್ನು ಕಂಬಳಿಯಿಂದ ಹೊರತೆಗೆದು, ಅದರ ಮೇಲೆ ಕೆನ್ನೆಯಿಟ್ಟು ಅಳಬೇಕು. ನಾಯಕಿ ಬಲಗೈಯನ್ನೇ ಹಿಡಿದಳು. ಮೊಣಕೈ ಮಡಿಕೆಯ ಮೇಲೆಯೇ ಕೆನ್ನೆಯಿಟ್ಟಳು. ಗ್ಲಿಸರಿನ್ ಕಣ್ಣೀರು ಅಲ್ಲಿಗೇ ತೊಟ್ಟಿಕ್ಕಿತು.

ಆಮೇಲೆ ಆದದ್ದಕ್ಕೆ ಜೂನಿಯರ್‌ನನ್ನು ದೂರುವಂತಿಲ್ಲ. ಅವನ ಎಡಗೈ ಅವನನ್ನು ಕೇಳದೆ ಕಂಬಳಿಯಿಂದ ಹಾರಿ ಬಂತು. ನಾಯಕಿಯ ಕೆನ್ನೆಯನ್ನು ಪಕ್ಕಕ್ಕೆ ತಳ್ಳಿ, ಬಲ ಮೊಣಕೈಯನ್ನು ಪರಪರಪರನೆ ಕೆರೆಯಿತು. “ಆಹಾಹಾ...” ಎಂದು ಹೊಟ್ಟೆಯೊಳಗಿನಿಂದ ಒಂದು ದನಿಯೂ ಹೊರಟಿತು.

ನಾಯಕಿ ನಿಜವಾಗಿಯೇ ಚೀರಿ ಹಿಂದಕ್ಕೆ ಬಿದ್ದಳು. ಏಜೆಂಟ್ ಜೇಬಿನಿಂದ ಫೋನ್ ತೆಗೆದು ನಂಬರ್ ಹುಡುಕುತ್ತಿರುವುದು ಜೂನಿಯರ್‌ಗೆ ಮಲಗಿದಲ್ಲಿಂದಲೇ ಕಂಡಿತು. ಹೆಂಡತಿಗೆ ಏನೆಂದು ಹೇಳಲಿ ಎಂದು ಅವನು ಯೋಚಿಸತೊಡಗಿದ.

ಡೈರೆಕ್ಟರ್ ಆ ಶಾಟನ್ನು ಮತ್ತೆ ಹಾಕಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಎದ್ದು ಚಪ್ಪಾಳೆ ತಟ್ಟಿದರು.

“ಅಪ್ಪ ಸತ್ತಿಲ್ಲ! ನೋಡ್ರೋ, ಈ ಹುಡುಗಿ ಮುಖದಲ್ಲಿ ಇಂಥ ಭಯ ಯಾವತ್ತಾದ್ರೂ ಬಂದಿತ್ತಾ? ಚಾನೆಲ್‌ಗೆ ಫೋನ್ ಹಾಕಿ. ರೈಟರ್ ಎಲ್ಲಿ? ಯಜಮಾನ ಎದ್ದು ಕೂತ, ಇವತ್ತೇ ಬರೀರಿ!”

ಒಂದು ಗಳಿಗೆಯಲ್ಲಿ ಲೋಕ ಬದಲಾಯಿತು. ಯಾರೋ ಅವನಿಗೆ ಕುರ್ಚಿ ಕೊಟ್ಟರು, ಇನ್ಯಾರೋ ನಿಜವಾದ ಕಾಫಿಯಿದ್ದ ಕಪ್ಪು ಕೊಟ್ಟರು. ಏಜೆಂಟ್ ಫೋನನ್ನು ಜೇಬಿಗೆ ಹಾಕಿ, “ಇವನಲ್ಲಿ ಏನೋ ಇದೆ ಅಂತ ನಾನು ಮೊದ್ಲಿಂದ್ಲೂ ಹೇಳ್ತಾನೇ ಇದ್ದೆ,” ಎಂದು ಎಲ್ಲರಿಗೂ ಹೇಳುತ್ತ ತಿರುಗಿದ. ಜೂನಿಯರ್ ಹೆಂಡತಿಗೆ ಫೋನ್ ಮಾಡಿದ.

“ಲೇ, ನಾನು ಬದುಕಿದೀನಿ ಕಣೇ! ಇನ್ಮೇಲೆ ನಂಗೆ ಡೈಲಾಗ್ ಇರುತ್ತೆ!”

ಆ ಕಡೆಯಿಂದ ಅವಳು, “ಕೆರ್ಕೊಂಡ್ರಾ?” ಎಂದಳು.

ಅವನು ಉತ್ತರ ಕೊಡುವಷ್ಟರಲ್ಲಿ ಧಾರಾವಾಹಿಯ ಏರ್ಪಾಟು ನೋಡುವ ಮ್ಯಾನೇಜರ್ ಬಂದು ಎದುರು ನಿಂತರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನು ನಗುತ್ತಲೇ ಹೇಳುವವರು. “ಯಜಮಾನ್ರೇ, ಚಾನೆಲ್‌ನವರು ಭಾರೀ ಖುಷಿಯಾಗಿದಾರೆ. ಬದುಕಿರೋ ಅಪ್ಪ ಅಂದ್ಮೇಲೆ ಮಾತು, ಜಗಳ, ಕೋರ್ಟು ಎಲ್ಲ ಇರುತ್ತಲ್ಲ. ಅದಕ್ಕೆ ದೊಡ್ಡ ಆರ್ಟಿಸ್ಟನ್ನೇ ಹಾಕೋಣ ಅಂದ್ರು. ಈಗಷ್ಟೇ ಮಾತಾಡಿ ಮುಗಿಸಿದ್ವಿ.”

“ಹಾಗಾದ್ರೆ ನಾನು ಹೆಣವಾಗಿಯೇ ಇರ್ತೀನಿ ಸಾರ್.”

“ಹೆಣ ಎಲ್ಲಿದೆ ಈಗ? ನೀವೇ ಎಬ್ಬಿಸಿಬಿಟ್ರಲ್ಲ,” ಎಂದು ನಕ್ಕ ಮ್ಯಾನೇಜರ್, ಆ ಕುರ್ಚಿಯನ್ನೂ ಕೇಳಿ ತೆಗೆದುಕೊಂಡು ಹೋದರು.

ಜೂನಿಯರ್ ಗೋಡೆಗೆ ಒರಗಿ ನಿಂತ. ಸತ್ತುಕೊಂಡಿದ್ದರೆ ಎರಡು ವಾರ ಬದುಕುತ್ತಿದ್ದ. ಅವನಿಗೆ ನಿಜವಾಗಿಯೂ ಅಳು ಬಂತು. ಬೂದು ಪೌಡರ್ ಕರಗಿ ಕೆನ್ನೆಯ ಮೇಲೆ ಎರಡು ಗೆರೆ ಬಿದ್ದವು, ಯಾರೂ ಅದರ ಶಾಟ್ ತೆಗೆಯಲಿಲ್ಲ.

ಅಷ್ಟರಲ್ಲಿ ರೈಟರಿಗೆ ತಲೆನೋವು ಶುರುವಾಗಿತ್ತು. ಬೆಳಗ್ಗೆಯಿಡೀ ತೆಗೆದ ಶಾಟುಗಳಲ್ಲಿ ಇರುವುದು ಒಂದು ಮುಖ, ಮುಂದೆ ಬರುವುದು ಇನ್ನೊಂದು ಮುಖ. ಅದೂ ಅಲ್ಲದೆ ದೊಡ್ಡ ಆರ್ಟಿಸ್ಟಿಗೆ ಒಂದು ತಿಂಗಳು ಬಿಡುವಿಲ್ಲ. ಡೈರೆಕ್ಟರೂ ರೈಟರೂ ಮೂಲೆಯಲ್ಲಿ ತಲೆಗೆ ತಲೆ ತಾಗಿಸಿ ಕೂತರು. ಎದ್ದಾಗ ಇಬ್ಬರ ಮುಖದಲ್ಲೂ ನಗುವಿತ್ತು. ಏಜೆಂಟ್ ಓಡುತ್ತ ಬಂದ.

“ಅದೃಷ್ಟವಂತ ಕಣಯ್ಯಾ ನೀನು! ಎದ್ದು ಕೂತ ಅಪ್ಪನ್ನ ಆಸ್ಪತ್ರೆಗೆ ಸಾಗಿಸುವಾಗ ಆಂಬುಲೆನ್ಸ್ ಉರುಳಿ ಬೆಂಕಿ ಹತ್ಕೊಳ್ಳುತ್ತೆ. ಪೂರ್ತಿ ಒಂದು ತಿಂಗಳು ಅಪ್ಪ ಆಸ್ಪತ್ರೇಲಿ. ಬ್ಯಾಂಡೇಜ್ ಬಿಚ್ಚಿದಾಗ ಹೊಸ ಮುಖ! ಅಲ್ಲೀವರೆಗೆ ಒಳಗೆ ಯಾರಾದ್ರೂ ಮಲಗಿರ್ಬೇಕಲ್ಲ, ಕೈಕಾಲು ಹಿಡಿದು ನಿನಗೇ ಕೊಡಿಸಿದೀನಿ.”

“ಮುಖ ಕಾಣಲ್ವಾ?”

“ಮುಖ ಏನಕ್ಕೆ? ತಿಂಗಳ ಕೆಲಸ ಕಣಯ್ಯಾ! ಎರಡು ವಾರ ಅಂತಿದ್ದದ್ದು ತಿಂಗಳಾಯ್ತು!”

ಆಸ್ಪತ್ರೆಯ ಸೆಟ್ಟು ಪಕ್ಕದಲ್ಲೇ ಸಿದ್ಧವಿತ್ತು. ಜೂನಿಯರ್‌ನನ್ನು ಮಂಚದ ಮೇಲೆ ಮಲಗಿಸಿದರು. ಮೇಕಪ್ಪಿನವರು ಒಂದು ಬುಟ್ಟಿ ಬ್ಯಾಂಡೇಜು, ಒಂದು ಬೋಗುಣಿ ಪ್ಲಾಸ್ಟರ್ ತಂದಿಟ್ಟುಕೊಂಡು ಕಾಲಿನಿಂದ ಶುರುಮಾಡಿದರು. ಮೊಣಕಾಲು, ಸೊಂಟ, ಎದೆ, ಕತ್ತು ಎಲ್ಲ ಮುಗಿಯಿತು. ಎರಡೂ ಕೈಗಳನ್ನು ಮಡಚಿ ಎದೆಗೆ ಕಟ್ಟಿದರು. ಬಾಯಿಯ ಹತ್ತಿರ ಬಂದಾಗ ಸುತ್ತುವುದನ್ನು ನಿಲ್ಲಿಸಿದರು.

“ಎಲ್ಲಾದ್ರೂ ತುರಿಸ್ತಿದ್ರೆ ಈಗ್ಲೇ ಹೇಳಿಬಿಡಿ. ಪ್ಲಾಸ್ಟರ್ ಒಣಗಿದ್ಮೇಲೆ ರಾತ್ರಿ ಶೂಟಿಂಗ್ ಪ್ಯಾಕಪ್ ಆಗೋವರೆಗೂ ಬಿಚ್ಚಕ್ಕಾಗಲ್ಲ.”

ಜೂನಿಯರ್ ಏಜೆಂಟನ ಕಡೆ ನೋಡಿದ. ಏಜೆಂಟ್ ಕೈಯಲ್ಲಿ ಫೋನ್ ಹಿಡಿದು ನಿಂತಿದ್ದ.

“ಎಲ್ಲೂ ಇಲ್ಲ ಸಾರ್,” ಎಂದ ಜೂನಿಯರ್.

ಮೇಕಪ್ಪಿನವರು ಅವನ ಬಾಯಿ ಸುತ್ತಿದರು.