ಅತ್ತೆಯ ಸೀಟಿನಲ್ಲಿ ನಾಯಿ ಕೂದಲು

"ಇವತ್ತು ಕಾರೊಳಗೆ ಒಂದೇ ಒಂದು ಕೂದ್ಲು ಸಿಕ್ಕಿದ್ರೂ ನನ್ನ ಹೆಸ್ರು ರಂಗನಾಥನೇ ಅಲ್ಲ ಕಣೇ!"

ಹೆಂಡತಿ ಗಾನವಿಯ ಮುಂದೆ ಹೀಗೆ ಶಪಥ ಮಾಡಿ ರಂಗನಾಥ ಪಂಚೆ ಎತ್ತಿ ಕಟ್ಟಿದ. ಹಿಂದಿನ ಸೀಟಿನಲ್ಲಿ ಮಲಗಿದ್ದ ಗಿಟುಕು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು. ಗಿಟುಕು ಎಂದರೆ ಅವನ ಬಿಳಿ ನಾಯಿ. ಉಂಡೆ ಕೊಬ್ಬರಿಯಂತೆ ದುಂಡಗಿದ್ದದ್ದಕ್ಕೆ ಆ ಹೆಸರು. ತಿಂದು ಮಲಗುವುದು ಬಿಟ್ಟರೆ ಅದಕ್ಕೆ ಗೊತ್ತಿದ್ದ ಏಕೈಕ ಉದ್ಯೋಗ ಕೂದಲು ಉದುರಿಸುವುದು. ಅದರಲ್ಲಿ ಮಾತ್ರ ಮಹಾ ಪ್ರವೀಣ!

ಶಪಥಕ್ಕೆ ಕಾರಣ ಅತ್ತೆ ಚಿಕ್ಕಗೌರಮ್ಮ. ಹೋದ ಸಲ ಇದೇ ಕಾರಿನಲ್ಲಿ ಕೂತು ನಾಮಕರಣಕ್ಕೆ ಹೋದಾಗ ಅವರ ರೇಷ್ಮೆ ಸೀರೆಗೆಲ್ಲ ಬಿಳಿ ಕೂದಲು ಮೆತ್ತಿತ್ತು. "ಏನಕ್ಕಾ, ಕುರಿ ಉಣ್ಣೆ ಕತ್ರಿಸ್ಬುಟ್ಟು ಹಂಗೇ ಬಂದ್ಯಾ?" ಎಂದು ನೆಂಟರು ನಕ್ಕಿದ್ದರು. ಇವತ್ತು ತುರುವೇಕೆರೆಯಲ್ಲಿ ನೆಂಟರ ಮನೆಯ ಸೀಮಂತ. ಅತ್ತೆ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು.

"ನನ್ ಸೀರೆ ಮೇಲೆ ಒಂದ್ ಕೂದ್ಲು ಕಂಡ್ರೂ ಆ ನಾಯಿ ಮನೇಲಿರಕೂಡ್ದು. ತೋಟಕ್ಕೆ ಸಾಗಿಸ್ಬುಡಿ!"

ಅಳಿಲು ಮರ ಹತ್ತಿದ ಸದ್ದಿಗೇ ಮಂಚದ ಕೆಳಗೆ ತೂರುವ ಗಿಟುಕು ತೋಟದಲ್ಲಿ ಒಂಟಿಯಾಗಿರುವುದೇ? ಆ ನಾಯಿ ಪಕ್ಕದಲ್ಲಿ ಕೂರದಿದ್ದರೆ ರಂಗನಾಥನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹನ್ನೊಂದಕ್ಕೆ ಅತ್ತೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿಯುತ್ತಾರೆ. ಎಂಟಕ್ಕೆ ಯುದ್ಧ ಆರಂಭವಾಯಿತು. ಪೊರಕೆ ಆಡಿಸಿದರೆ ಕೂದಲು ಎದ್ದು ಕಾರೆಲ್ಲ ಪ್ರದಕ್ಷಿಣೆ ಹಾಕಿ ಮತ್ತೆ ಸೀಟಿಗೇ ಬಂದು ಕೂತಿತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸೀಟಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿತು. ಕೊನೆಗೆ ಎಮ್ಮೆ ಉಜ್ಜುವ ತೆಂಗಿನ ನಾರು ತಂದು ಉಜ್ಜಿದ. ಕೂದಲು ಅರ್ಧ ಬಂತು, ನಾರು ಪೂರ್ತಿ ಅಲ್ಲೇ ಉಳಿಯಿತು!

"ಏನ್ರೀ ಇದು? ಬಿಳೀ ಕೂದ್ಲಿತ್ತು, ಈಗ ಕೆಂಚುಗೂದ್ಲೂ ಬಂತಲ್ರೀ!" ಎಂದಳು ಗಾನವಿ. "ಸುಮ್ನೆ ಒಂದು ಬೆಡ್‌ಶೀಟ್ ಹಾಸ್ರೀ."

"ಬೆಡ್‌ಶೀಟಾ? ಸೋತೋರು ಹಾಸ್ತಾರೆ ಕಣೇ ಬೆಡ್‌ಶೀಟು!"

ಕೋಪಕ್ಕೆ ಬಾಯಿ ಒಣಗಿತ್ತು. ಒಂದು ಎಳನೀರು ಕೆತ್ತಿ ಕುಡಿದ. ಒಳಗಿನ ಎಳೆ ತಿರುಳು, ಅಂದರೆ ಗಂಜಿ, ಕೆರೆದು ತಿನ್ನಲು ಬುರುಡೆಯ ಸಿಪ್ಪೆಯಿಂದ ಒಂದು ಚೂರು ಹಾರಿಸಿಕೊಂಡ. ತಿಂದಾದ ಮೇಲೆ ಅದೇ ಚೂರಿನಿಂದ ಸೀಟನ್ನು ಸುಮ್ಮನೆ ಗೀರಿದ. ಅಬ್ಬಾ! ಕೂದಲೆಲ್ಲ ಹೊಸೆದ ಬತ್ತಿಯಂತೆ ಸುರುಳಿ ಸುತ್ತಿಕೊಂಡು ಬಂತು! ಇನ್ನೊಂದು ಗೀರು, ಇನ್ನೊಂದು ಬತ್ತಿ. ರಂಗನಾಥನಿಗೆ ಆವೇಶ ಬಂತು. ಹೊಸ ಹಸಿ ಚೂರುಗಳಿಗಾಗಿ ಎಂಟು ಎಳನೀರು ಉರುಳಿದವು. ಹತ್ತು ಗಂಟೆಗೆ ಸೀಟು ಷೋರೂಮಿನಿಂದ ಈಗ ತಾನೇ ಬಂದಂತಿತ್ತು. ಪಕ್ಕದಲ್ಲಿ ಇನ್ನೊಂದು ಗಿಟುಕು ಮಾಡುವಷ್ಟು ಕೂದಲಿನ ರಾಶಿ!

"ನೋಡೇ! ಇದನ್ನ ಕಂಡುಹಿಡಿಯೋಕೆ ತೆಂಗಿನ ಸೀಮೇಲೇ ಹುಟ್ಬೇಕು!"

"ಸೀಟು ಒದ್ದೆ ಐತಲ್ರೀ?"

"ಎಳನೀರು ಕಣೇ! ಗಂಗೆಗಿಂತ ಶುದ್ಧ!"

ಹೊತ್ತಾಯಿತೆಂದು ಹಾಕಿದ್ದ ಬಿಳಿ ಅಂಗಿಯಲ್ಲೇ ಹೊರಟ. ಕ್ರಾಸಿನಲ್ಲಿ ಚಿಕ್ಕಗೌರಮ್ಮ ಕೆನೆಬಣ್ಣದ ಹೊಸ ರೇಷ್ಮೆ ಸೀರೆಯಲ್ಲಿ ನಿಂತಿದ್ದರು. ಕನ್ನಡಕ ಏರಿಸಿ ಬೂದುಬಣ್ಣದ ಸೀಟನ್ನು ಇಣುಕಿ ನೋಡಿದರು, ಅಂಗೈಯಲ್ಲಿ ಸವರಿದರು. ತೊಳೆದ ಸೀಟಿನ ತಣುಪು ಬಿಟ್ಟರೆ ಏನೂ ಸಿಗಲಿಲ್ಲ. ಕೂತರು. ದಾರಿಯಲ್ಲಿ ಅಳಿಯನನ್ನು ಹೂವಿಗೊಮ್ಮೆ, ಬಾಳೆಹಣ್ಣಿಗೊಮ್ಮೆ ಅಂಗಡಿಗೆ ಓಡಿಸಿ ತಾವು ಮಾತ್ರ ಸೀಟು ಬಿಟ್ಟು ಕದಲಲಿಲ್ಲ. ಗಾನವಿಯನ್ನೂ ಹತ್ತಿಸಿಕೊಳ್ಳಲು ಮೊದಲು ಅಳಿಯನ ಮನೆ ಮುಟ್ಟುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತಾಗಿತ್ತು.

ಅಂಗಳದಲ್ಲಿ ಇಳಿದವರು ಸೆರಗು ಕೊಡವಿದರು, ನೆರಿಗೆ ಬಿಡಿಸಿ ನೋಡಿದರು. ಒಂದು ಕೂದಲಿಲ್ಲ!

"ಭೇಷ್ ಕಣ್ರೀ ಅಳಿಯಂದ್ರೇ! ನಾಯಿ ಮನೇಲೇ ಇರ್ಲಿ ಬುಡಿ."

ರಂಗನಾಥ ಗಿಟುಕನ್ನು ಎತ್ತಿಕೊಂಡು ಕುಣಿದೇಬಿಟ್ಟ. ಅವನ ಜೀವಮಾನದಲ್ಲಿ ಇಂಥ ಗೆಲುವು ಕಂಡಿರಲಿಲ್ಲ. ಗಾನವಿ ಮಾತ್ರ ನಗಲಿಲ್ಲ. ಅಮ್ಮನ ಬೆನ್ನ ಹಿಂದೆ ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು.

"ಅಮ್ಮ... ಸೀರೆ ಹಿಂದ್ಗಡೆ..."

ಕೆನೆಬಣ್ಣದ ರೇಷ್ಮೆಯ ಹಿಂಬದಿ ಪೂರ್ತಿ ಕಂದು! ಎಳನೀರು ಸಿಪ್ಪೆಯ ಕರೆ! ತಾಗಿದಾಗ ನೀರಿನ ಹಾಗೆ ಕಾಣುತ್ತದೆ, ಆರಿದರೆ ಕಂದಾಗುತ್ತದೆ. ಆಮೇಲೆ ಬಟ್ಟೆ ಹರಿದರೂ ಕಲೆ ಹೋಗದು. ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ರಂಗನಾಥ ಗೆಲುವಿನ ಅಮಲಿನಲ್ಲಿ ಮರೆತಿದ್ದ.

ಚಿಕ್ಕಗೌರಮ್ಮ ಸೀರೆಯನ್ನು ಮುಂದಕ್ಕೆಳೆದು ನೋಡಿದರು. ಮಗಳ ಕಡೆ ತಿರುಗಿದರು.

"ಗಾನವಿ, ನಾನು ಆಡಿದ್ ಮಾತಿಗೆ ತಪ್ಪೋಳಲ್ಲ ಕಣವ್ವ. ನಾಯಿ ಮನೇಲೇ ಇರ್ತದೆ. ಇವ್ರು ತೋಟಕ್ಕೋಗ್ಲಿ."

"ಅತ್ತೇ! ತೋಟದ ಹತ್ರ ಚಿರತೆ ಓಡಾಡ್ತೈತೆ!"

ಅತ್ತೆ ಕನ್ನಡಕ ಸರಿಮಾಡಿಕೊಂಡು ಅಳಿಯನ ಅಂಗಿಯನ್ನು ಕೊರಳಿನಿಂದ ತುದಿಯವರೆಗೆ ನಿಧಾನವಾಗಿ ನೋಡಿದರು. ಆ ಬಿಳಿ ಅಂಗಿಯ ತುಂಬ ಕಂದು ಚುಕ್ಕೆಗಳು ಚೆನ್ನಾಗಿ ಮೂಡಿದ್ದವು.

"ಏನೂ ಮಾಡಲ್ಲ ಹೋಗಿ. ನಮ್ಮ ನೆಂಟ್ರು ಅನ್ಕೊಂಡು ಬುಟ್ಬುಡ್ತದೆ."